ಮೊದಲನೇ ಟ್ಯಾಂಕಿನ ಗುಳ್ಳೆಗಳು

ಊರಿನ ಕೊಳಚೆ ನೀರನ್ನು ಶುದ್ಧ ಮಾಡುವ ಪ್ಲಾಂಟಿಗೆ ಹೊಸ ಸಾಹೇಬರು ಬಂದರು. ಅದಕ್ಕೂ ಮೊದಲು ಅವರು ಪಾರ್ಕುಗಳ ಇಲಾಖೆಯಲ್ಲಿ ಕಾರಂಜಿ ಕಟ್ಟಿಸುತ್ತಿದ್ದರು. ಹಾಡಿಗೆ ತಕ್ಕ ಹಾಗೆ ಕುಣಿಯುವ ಕಾರಂಜಿ, ಬಣ್ಣ ಬದಲಿಸುವ ಕಾರಂಜಿ, ಹಾದುಹೋಗುವವರ ಮೇಲೆ ನೀರೆರಚಿ ನಗಿಸುವ ಕಾರಂಜಿ. ಇಷ್ಟೆಲ್ಲ ಅನುಭವ ಇರುವವರನ್ನು ಬಿಟ್ಟು ಊರಿನ ಕಕ್ಕಸಿನ ನೀರನ್ನು ಇನ್ಯಾರ ಕೈಗೆ ಕೊಡುತ್ತಾರೆ ಹೇಳಿ. ನೀರು ಅಂದರೆ ನೀರು ತಾನೇ ಎಂದು ಮೇಲಿನವರು ಯೋಚಿಸಿರಬೇಕು. ಪ್ಲಾಂಟಿನವರು ಮೊದಲ ದಿನವೇ ಅವರಿಗೆ ಕಾರಂಜಿ ಸಾಹೇಬರು ಎಂದು ಹೆಸರಿಟ್ಟು, ಟೀ ಕುಡಿದು, ತಂತಮ್ಮ ಕೆಲಸಕ್ಕೆ ಹೋದರು.

ಹೆಸರಿಟ್ಟವನು ಮೂಗಣ್ಣ. ಅವನ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಆಪರೇಟರ್. ಗೇಟಿನೊಳಗೆ ಕಾಲಿಟ್ಟು ಒಮ್ಮೆ ಮೂಗೆಳೆದರೆ ಯಾವ ಟ್ಯಾಂಕಿಗೆ ಮೈ ಸರಿಯಿಲ್ಲ ಎಂದು ಹೇಳಿಬಿಡುತ್ತಿದ್ದ. ಅವನಿಗೆ ಇನ್ನೊಂದು ಹೆಮ್ಮೆಯೂ ಇತ್ತು. ಅಷ್ಟು ವರ್ಷದಲ್ಲಿ ಏಳು ಜನ ಸಾಹೇಬರು ಬಂದು ಹೋಗಿದ್ದರು, ಒಬ್ಬರಿಗೂ ಅವನು ಸುಳ್ಳಿಗೆ ತಲೆಯಾಡಿಸಿರಲಿಲ್ಲ. ತಪ್ಪಾದರೆ ತಪ್ಪು ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳುತ್ತಿದ್ದ. ಅದರ ಫಲವಾಗಿ ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂತಿದ್ದ. ಕುರ್ಚಿಯ ಒಂದು ಕಾಲು ಮುರಿದು, ಅದರ ಕೆಳಗೆ ಇಟ್ಟಿಗೆ ಇಟ್ಟುಕೊಂಡಿದ್ದ.

ಈಗ ಪ್ಲಾಂಟಿನ ವಿಷಯ ಸ್ವಲ್ಪ ಕೇಳಬೇಕು, ಇಲ್ಲದಿದ್ದರೆ ಕಾರಂಜಿ ಸಾಹೇಬರ ಬುದ್ಧಿವಂತಿಕೆಯ ಪೂರ್ತಿ ರುಚಿ ಸಿಗುವುದಿಲ್ಲ. ಅಲ್ಲಿ ಸಾಲಾಗಿ ಮೂರು ಟ್ಯಾಂಕು. ಮೊದಲನೆಯದಕ್ಕೆ ಗಾಳಿಯಿಲ್ಲ. ಒಳಗೊಂದು ದೊಡ್ಡ ರೆಕ್ಕೆ ಮೆಲ್ಲಗೆ ತಿರುಗುತ್ತ, ಕೆಸರು ತಳ ಹಿಡಿಯದಂತೆ ಕದಡುತ್ತಿರುತ್ತದೆ, ಅಷ್ಟೇ. ಎರಡನೆಯದರ ತಳದಿಂದ ಬ್ಲೋವರ್ ಗಾಳಿ ಊದುತ್ತದೆ, ನೀರು ಕೊತಕೊತ ಕುದಿಯುವ ಹಾಗೆ ಕಾಣುತ್ತದೆ. ಮೂರನೆಯದರಲ್ಲಿ ಕೆಸರು ತಳಕ್ಕೆ ಕೂತು, ತಿಳಿನೀರು ಅಂಚಿನಿಂದ ಉಕ್ಕಿ ಕಾಲುವೆ ಸೇರಿ ಕೆರೆಗೆ ಹೋಗುತ್ತದೆ. ಕೂತ ಕೆಸರಿನಲ್ಲಿ ಹೆಚ್ಚಿನ ಪಾಲು ಮತ್ತೆ ಮೊದಲನೇ ಟ್ಯಾಂಕಿಗೆ ವಾಪಸ್ಸು, ಒಂದು ಪಾಲನ್ನು ಹಿಂಡಿ ಲಾರಿಗೆ ತುಂಬುತ್ತಾರೆ.

ಊರಿನವರು ಬಟ್ಟೆ ಒಗೆದದ್ದು, ಪಾತ್ರೆ ತೊಳೆದದ್ದು, ಹೊಟ್ಟೆ ಖಾಲಿ ಮಾಡಿದ್ದು, ಎಲ್ಲದರಲ್ಲೂ ಫಾಸ್ಫರಸ್ ಇರುತ್ತದೆ. ಅದನ್ನು ನೀರಿನಿಂದ ಎತ್ತುವುದು ಆ ಕೆಸರಿನೊಳಗಿನ ಒಂದು ಜಾತಿಯ ಬ್ಯಾಕ್ಟೀರಿಯಾ. ಮೂಗಣ್ಣ ಅವುಗಳಿಗೆ ಜಿಪುಣರು ಎನ್ನುತ್ತಿದ್ದ. ಗಾಳಿಯಿಲ್ಲದ ಮೊದಲನೇ ಟ್ಯಾಂಕಿನಲ್ಲಿ ಉಳಿದ ಬ್ಯಾಕ್ಟೀರಿಯಾಗಳೆಲ್ಲ ಉಸಿರು ಕಟ್ಟಿ ಕೈಚೆಲ್ಲಿ ಕೂತಿರುತ್ತವೆ. ಆಗ ಈ ಜಿಪುಣರು ಹೊಟ್ಟೆಯಲ್ಲಿ ಕೂಡಿಟ್ಟಿದ್ದ ಫಾಸ್ಫರಸ್ಸನ್ನು ಒಲ್ಲದ ಮನಸ್ಸಿನಿಂದ ಹೊರಗೆ ಬಿಟ್ಟು, ಆ ಕಸುವಿನಲ್ಲಿ ನೀರಿನೊಳಗಿನ ಹುಳಿ ಪದಾರ್ಥವನ್ನೆಲ್ಲ ತಾವೇ ನುಂಗುತ್ತಾರೆ. ಎರಡನೇ ಟ್ಯಾಂಕಿಗೆ ಬಂದು ಗಾಳಿ ಸಿಕ್ಕಿದ ಕೂಡಲೇ, ಅಯ್ಯೋ ಕೈಬಿಟ್ಟು ಹೋಯಿತಲ್ಲ ಎಂದು ಹೊಟ್ಟೆ ಉರಿದು, ಬಿಟ್ಟದ್ದಕ್ಕಿಂತ ಎಷ್ಟೋ ಹೆಚ್ಚು ಬಾಚಿ ಒಳಗೆ ತುಂಬಿಕೊಳ್ಳುತ್ತಾರೆ. ಹಾಗೇ ತುಂಬಿಕೊಂಡು ಕೆಸರಿನ ಜೊತೆ ಲಾರಿ ಹತ್ತುತ್ತಾರೆ. ಮೊದಲು ಉಸಿರು ಕಟ್ಟಿಸಬೇಕು, ಆಮೇಲೆ ಗಾಳಿ ಕೊಡಬೇಕು. ಈ ಕ್ರಮ ತಪ್ಪಿದರೆ ಕೆಲಸ ಕೆಟ್ಟಿತು.

ಕೆಟ್ಟರೆ ಏನಾಗುತ್ತದೆ ಎಂಬುದನ್ನು ಮೂಗಣ್ಣ ಪುಸ್ತಕ ಓದಿ ತಿಳಿದವನಲ್ಲ. ಏಳು ವರ್ಷದ ಹಿಂದೆ, ಮೊದಲನೇ ಟ್ಯಾಂಕು ಇನ್ನೂ ಇಲ್ಲದಿದ್ದಾಗ, ಕೆರೆಗೆ ಫಾಸ್ಫರಸ್ ಹೋಗಿ ಹೋಗಿ ಪಾಚಿ ಕೊಬ್ಬಿತು. ನೀರು ಹಸಿರು ಪೇಂಟಿನ ಹಾಗೆ ಗಟ್ಟಿಯಾಯಿತು, ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು. ಆ ಕೆರೆಯಲ್ಲಿ ಬಲೆ ಬೀಸಿ ಬದುಕುವವಳು ಅವನ ಸ್ವಂತ ಅಕ್ಕ. ಭಾವ ತೀರಿಕೊಂಡ ಮೇಲೆ ದೋಣಿಯೇ ಅವಳಿಗೆ ಗಂಡ, ಮಗ ಎಲ್ಲ. ಆ ದೋಣಿ ಎರಡು ವರ್ಷ ದಡದಲ್ಲಿ ಬೋರಲು ಬಿದ್ದಿತ್ತು. ಅಕ್ಕ ಆ ಎರಡು ವರ್ಷ ಮೂರು ಮನೆಯಲ್ಲಿ ಪಾತ್ರೆ ತಿಕ್ಕಿದಳು. ತಮ್ಮನ ಮನೆಗೆ ಬಂದಿರು ಎಂದರೆ ಬರಲಿಲ್ಲ. "ನಿನ್ನ ಪ್ಲಾಂಟ್ ನೀರು ನನ್ನ ದೋಣಿ ತಿಂತು, ಈಗ ಅನ್ನ ಬೇರೆ ಹಾಕ್ತೀಯಾ," ಎಂದಳು. ತಮಾಷೆಗೆ ಹೇಳಿದ್ದೇ, ಆದರೆ ಮೂಗಣ್ಣನಿಗೆ ಆ ಮಾತು ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ ಸಿಕ್ಕಿಕೊಂಡಿತು.

ಕಾರಂಜಿ ಸಾಹೇಬರು ಎರಡನೇ ದಿನ ಟ್ಯಾಂಕುಗಳ ಮೇಲಿನ ಕಬ್ಬಿಣದ ಸೇತುವೆ ಹತ್ತಿದರು. ಎರಡನೇ ಟ್ಯಾಂಕಿನ ಗುಳ್ಳೆ ನೋಡಿ ಮುಖ ಅರಳಿತು. ತವರು ಮನೆಗೆ ಬಂದ ಹಾಗಾಯಿತೇನೋ. ಅಲ್ಲಿಂದ ಮೊದಲನೇ ಟ್ಯಾಂಕಿನ ಮೇಲೆ ಬಂದು ನಿಂತು, ಕೆಳಗೆ ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನ್ರಿ, ಸತ್ತು ಬಿದ್ದಿದೆ?"

"ಇದು ಹೀಗೇ ಇರ್ಬೇಕು ಸರ್," ಎಂದ ಮೂಗಣ್ಣ.

"ಹೀಗೇ ಇರ್ಬೇಕು ಅಂದ್ರೆ? ಪಕ್ಕದ್ದು ಅಷ್ಟು ಕೆಲಸ ಮಾಡ್ತಾ ಇದೆ. ಇದು ಸುಮ್ನೆ ಮಲಗಿದೆ."

"ಮಲಗಿಲ್ಲ ಸರ್, ಉಸಿರು ಹಿಡ್ಕೊಂಡಿದೆ. ಇಲ್ಲಿ ಗಾಳಿ ಕೊಟ್ರೆ ಫಾಸ್ಫರಸ್ ಹೋಗಲ್ಲ."

ಸಾಹೇಬರು ವಾದ ಮಾಡಲಿಲ್ಲ. ಅವರು ವಿಜ್ಞಾನವನ್ನು ನಂಬುವವರು. ಲ್ಯಾಬಮ್ಮನನ್ನು ಕರೆಸಿ, ಒಳಗೆ ಬರುವ ಕೊಳಚೆಯಲ್ಲಿ ಎಷ್ಟು ಫಾಸ್ಫರಸ್ ಇದೆ, ಮೊದಲನೇ ಟ್ಯಾಂಕಿನಲ್ಲಿ ಎಷ್ಟಿದೆ, ಎರಡನ್ನೂ ಅಳೆದು ತನ್ನಿ ಎಂದರು. ಲ್ಯಾಬಮ್ಮ ಎಂದರೆ ಹದಿನಾಲ್ಕು ವರ್ಷದಿಂದ ಅಲ್ಲಿನ ಪ್ರಯೋಗಾಲಯ ನಡೆಸುವ ಹೆಂಗಸು. ಅಳತೆಯಲ್ಲಿ ಒಂದು ಹನಿ ಆಚೀಚೆ ಆಗಲು ಬಿಡದವಳು. ಸಾಹೇಬರು ಬಿಡಿ, ದೇವರೇ ಬಂದು ಹೇಳಿದರೂ ಸಂಖ್ಯೆ ತಿದ್ದದವಳು. ಅವಳು ಅಳೆದು ತಂದಳು. ಒಳಗೆ ಬರುವ ನೀರಿನಲ್ಲಿ ಲೀಟರಿಗೆ ಆರು ಮಿಲಿಗ್ರಾಂ, ಮೊದಲನೇ ಟ್ಯಾಂಕಿನಲ್ಲಿ ಇಪ್ಪತ್ತು.

"ನೋಡಿ," ಎಂದರು ಸಾಹೇಬರು, ಕಳ್ಳನನ್ನು ಮಾಲಿನ ಸಮೇತ ಹಿಡಿದ ಗತ್ತಿನಲ್ಲಿ. "ಆರು ಬಂದದ್ದನ್ನ ಇಪ್ಪತ್ತು ಮಾಡ್ತಾ ಇದೆ. ಇದು ಫಾಸ್ಫರಸ್ ತೆಗೆಯೋ ಟ್ಯಾಂಕಾ, ಹುಟ್ಟಿಸೋ ಟ್ಯಾಂಕಾ?"

"ಸರ್, ಅದು ಜಿಪುಣರು ಬಿಟ್ಟಿರೋದು. ಬಿಟ್ರೇನೇ ಆಮೇಲೆ ಹೆಚ್ಚಿಗೆ ಎತ್ಕೊಳ್ಳೋದು. ಕೊನೇಲಿ ಹೊರಗೆ ಹೋಗೋ ನೀರು ನೋಡಿ, ಅರ್ಧ ಮಿಲಿಗ್ರಾಂ ಮಾತ್ರ ಇದೆ."

"ಯಾರ್ರಿ ಜಿಪುಣರು?"

ಲ್ಯಾಬಮ್ಮನೂ ಹೇಳಿದಳು. ಹಲಗೆಯ ಮೇಲೆ ಚಿತ್ರ ಬರೆದು, ಬಾಣ ಹಾಕಿ ತೋರಿಸಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಸಾಹೇಬರು ಅವಳ ಅಕ್ಷರ ಬಹಳ ದುಂಡಗಿದೆ ಎಂದು ಮೆಚ್ಚಿ, ಎರಡು ತಿಂಗಳಿಗೆ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆ, ಅಷ್ಟರೊಳಗೆ ಒಂದು ಟ್ಯಾಂಕೂ ಸುಮ್ಮನೆ ಇರಕೂಡದು ಎಂದು ಆದೇಶ ಹೊರಡಿಸಿದರು.

ಹಳೆಯ ಇಲಾಖೆಯಿಂದ ಅವರ ಕಾರಂಜಿ ಬಳಗ ಬಂತು. ನಾಲ್ಕೇ ದಿನದಲ್ಲಿ ಮೊದಲನೇ ಟ್ಯಾಂಕಿನ ತಳಕ್ಕೆ ತೂತಿನ ಪೈಪು ಇಳಿಬಿಟ್ಟು, ಬ್ಲೋವರ್‌ಗೆ ಜೋಡಿಸಿ, ವಾಲ್ವ್ ತಿರುಗಿಸಿದರು. ಸತ್ತು ಬಿದ್ದ ಟ್ಯಾಂಕು ಬುಳುಬುಳು ಎಂದಿತು. ಸಾಹೇಬರು ಚಪ್ಪಾಳೆ ತಟ್ಟಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಷ್ಟು ಜಿಪುಣರನ್ನು ಬೆಳೆಸಲು ಮೂಗಣ್ಣನಿಗೆ ಐದು ತಿಂಗಳು ಹಿಡಿದಿತ್ತು.

ಒಂದು ವಾರ ಕಳೆದು ಸಾಹೇಬರು ಮತ್ತೆ ಅಳೆಸಿದರು. ಮೊದಲನೇ ಟ್ಯಾಂಕಿನಲ್ಲಿ ಇಪ್ಪತ್ತು ಇದ್ದದ್ದು ಐದಕ್ಕೆ ಇಳಿದಿತ್ತು. ಇಳಿಯದೆ ಏನು ಮಾಡುತ್ತದೆ? ಗಾಳಿ ಸಿಕ್ಕಿ ಹೊಟ್ಟೆಬಾಕ ಬ್ಯಾಕ್ಟೀರಿಯಾಗಳೆಲ್ಲ ಎದ್ದು ಕೂತು ಹುಳಿಯನ್ನೆಲ್ಲ ತಿಂದು ಮುಗಿಸಿದ್ದವು. ಜಿಪುಣರಿಗೆ ಊಟವೂ ಇಲ್ಲ, ಬಿಡುವ ಕೆಲಸವೂ ಇಲ್ಲ, ಎತ್ತಿಕೊಳ್ಳುವ ದರ್ದೂ ಇಲ್ಲ. ಸಾಹೇಬರಿಗೆ ಅದು ಬೇಕಿರಲಿಲ್ಲ. ಇಪ್ಪತ್ತು ಐದಾಯಿತಲ್ಲ, ಗೆದ್ದರು. ಗೇಟಿನ ಹತ್ತಿರ ಒಂದು ಬೋರ್ಡ್ ನಿಲ್ಲಿಸಿ, ಮೊದಲು ಇಪ್ಪತ್ತು, ಈಗ ಐದು ಎಂದು ಬರೆಸಿದರು. ಚಾಕ್‌ಪೀಸಿನಲ್ಲಿ ಬರೆದರೆ ಅಳಿಸಿಹೋಗುತ್ತದೆ ಎಂದು ಆಯಿಲ್ ಪೇಂಟಿನಲ್ಲಿ ಬರೆಸಿದರು. ಇನ್ನು ಮೇಲೆ ಮೊದಲನೇ ಟ್ಯಾಂಕನ್ನು ಅಳೆಯುವುದೇ ಬೇಡ, ಗೆದ್ದ ಮೇಲೆ ಮತ್ತೆ ಮತ್ತೆ ಕುಸ್ತಿ ಯಾಕೆ ಎಂದರು.

ಹೊರಗೆ ಹೋಗುವ ನೀರು ಮಾತ್ರ ಯಾರ ಪೇಂಟಿಗೂ ಕಾಯಲಿಲ್ಲ. ಅರ್ಧ ಇದ್ದದ್ದು ಒಂದೂವರೆ ಆಯಿತು, ಎರಡೂವರೆ ಆಯಿತು, ಮೂರನೇ ವಾರಕ್ಕೆ ನಾಲ್ಕರ ಹತ್ತಿರ ಬಂತು. ಇರಬೇಕಾದದ್ದು ಒಂದರೊಳಗೆ. ಲ್ಯಾಬಮ್ಮ ದಿನವೂ ಆ ಸಂಖ್ಯೆ ಬರೆದು ಸಾಹೇಬರ ಮೇಜಿನ ಮೇಲಿಟ್ಟಳು. ಸಾಹೇಬರು ಅದನ್ನು ಗಂಭೀರವಾಗಿ ಓದಿ, ಮೂರನೇ ಟ್ಯಾಂಕು ಹಳೆಯದಾಗಿದೆ, ಅದರ ದೋಷ ಎಂದು ತೀರ್ಪು ಕೊಟ್ಟರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೇ ಕಾಲು ತೋರಿಸಲು ಮೂಗಣ್ಣ ಮೂರು ಸಲ ಅವರ ಕೋಣೆಗೆ ಹೋದ. ಮೂರನೇ ಸಲ ಅವರು ಕಣ್ಣು ಚಿಕ್ಕದು ಮಾಡಿ, "ನಿಮಗೆ ಬದಲಾವಣೆ ಅಂದ್ರೆ ಭಯ ಕಣ್ರಿ. ಇಪ್ಪತ್ತೆರಡು ವರ್ಷ ಒಂದೇ ಕಡೆ ಇದ್ರೆ ಹೀಗೇ ಆಗೋದು," ಎಂದರು.

ಆ ದಿನ ಸಂಜೆ ಅಕ್ಕ ಫೋನ್ ಮಾಡಿದಳು.

"ಏ ತಮ್ಮಾ, ದಡದ ಹತ್ರ ನೀರು ಹಸಿರಾಗ್ತಾ ಇದೆ ಕಣೋ."

"ಎಷ್ಟು?"

"ಕೈ ಇಟ್ರೆ ಬೆರಳಿಗೆ ಅಂಟುತ್ತೆ. ಮೊದಲ ಸಲಾನೂ ಹೀಗೇ ಶುರುವಾಗಿತ್ತು." ಆಮೇಲೆ ಹೇಳಿದಳು, "ಈಗ ನಂಗೆ ಮೊಣಕಾಲು ಬೇರೆ ನೋವು. ಕೂತು ಪಾತ್ರೆ ತಿಕ್ಕೋಕೆ ಆಗಲ್ಲ ಕಣೋ."

ಅವಳು ದೂರಲಿಲ್ಲ, ಅಳಲಿಲ್ಲ. ಮೂಗಣ್ಣನಿಗೆ ಹೆದರಿಕೆಯಾಯಿತು. ಅಕ್ಕನ ಬಾಯಿಂದ ಅವನು ಎಂದೂ ಮೊಣಕಾಲಿನ ಮಾತು ಕೇಳಿರಲಿಲ್ಲ. ಪ್ಲಾಂಟಿಗೆ ಹೋಗಿ ಆ ವಾಲ್ವನ್ನು ಮುರಿದೇ ಹಾಕಬೇಕು ಅನ್ನಿಸಿತು. ಮುರಿದರೆ ಸಾಹೇಬರು ಅವನನ್ನು ಹೊರಗೆ ಹಾಕಿ ಇನ್ನೊಂದು ವಾಲ್ವ್ ಹಾಕಿಸುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥದ್ದೊಂದು ದಾರಿ ಬೇಕಿತ್ತು.

ದಾರಿ ಸಿಕ್ಕಿದ್ದು ಕ್ಷೌರದ ಅಂಗಡಿಯಲ್ಲಿ. ರಜೆಯ ದಿನ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ. ಎದುರಿಗೆ ಕನ್ನಡಿಯ ಪಕ್ಕದಲ್ಲಿ ಮೀನಿನ ಗಾಜಿನ ತೊಟ್ಟಿ. ಒಳಗೆ ಎರಡು ಬಡಕಲು ಮೀನು, ಮೂಲೆಯಿಂದ ಗುಳ್ಳೆಗಳ ಸಾಲು.

"ಗುಳ್ಳೆ ಎಲ್ಲಿಂದ ಬರುತ್ತಪ್ಪಾ ಇದು?" ಎಂದು ಕೇಳಿದ.

ಕ್ಷೌರದವನು ತೊಟ್ಟಿಯ ಹಿಂದಿನಿಂದ ಅಂಗೈಯಷ್ಟಗಲದ ಒಂದು ಪಂಪು ತೆಗೆದು ತೋರಿಸಿದ. "ಇಷ್ಟೇ ಅಣ್ಣ. ಮೀನಿಗೆ ಇದೇನೂ ಸಾಲದು, ತಿಂಗಳಿಗೆರಡು ಸಾಯ್ತವೆ. ಆದ್ರೆ ಗಿರಾಕಿಗಳು ನೋಡೋದು ಗುಳ್ಳೆನೇ. ಮೀನನ್ನ ಯಾರು ನೋಡ್ತಾರೆ?"

ಮೂಗಣ್ಣ ಅರ್ಧ ಗಡ್ಡದಲ್ಲೇ ಎದ್ದು ನಿಂತ. ಕ್ಷೌರದವನು ಭುಜ ಹಿಡಿದು ಕೂರಿಸಿ ಉಳಿದರ್ಧ ಮುಗಿಸಿದ.

ಕಾರಂಜಿ ಸಾಹೇಬರ ದಿನಚರಿ ಪ್ಲಾಂಟಿನಲ್ಲಿ ಎಲ್ಲರಿಗೂ ಬಾಯಿಪಾಠ. ಬೆಳಿಗ್ಗೆ ಹತ್ತಕ್ಕೆ ಟೀ ಲೋಟ ಹಿಡಿದು ಸೇತುವೆಯ ಈ ತುದಿಗೆ ಬಂದು, ಕಾಲ ಬುಡದ ಗುಳ್ಳೆಗಳನ್ನು ನೋಡುತ್ತ ಟೀ ಮುಗಿಸಿ ವಾಪಸ್ಸಾಗುತ್ತಿದ್ದರು. ಆಚೆ ತುದಿಗೆ ಹೋದರೆ ವಾಸನೆ ಎಂದು ಹೋಗುತ್ತಿರಲಿಲ್ಲ. ಬ್ಲೋವರ್ ಕೋಣೆ ನೆಲಮಾಳಿಗೆಯಲ್ಲಿತ್ತು, ಅಲ್ಲಿ ಶೂಗೆ ಎಣ್ಣೆ ಮೆತ್ತುತ್ತದೆ ಎಂದು ಇಳಿಯುತ್ತಿರಲಿಲ್ಲ. ಕನ್ನಡಕ ಹಾಕಿದರೆ ವಯಸ್ಸಾದಂತೆ ಕಾಣುತ್ತದೆ ಎಂದು ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಇಂಥ ಅಧಿಕಾರಿ ಸಿಗಲು ಪುಣ್ಯ ಮಾಡಿರಬೇಕು.

ಮರುದಿನ ಬೆಳಿಗ್ಗೆ ಆರಕ್ಕೆ ಮೂಗಣ್ಣ ನೆಲಮಾಳಿಗೆಗೆ ಇಳಿದು ಮೊದಲನೇ ಟ್ಯಾಂಕಿನ ಗಾಳಿಯ ವಾಲ್ವನ್ನು ಪೂರ್ತಿ ಮುಚ್ಚಿದ. ಸೇತುವೆಯ ಈ ತುದಿಯ ಕೆಳಗೆ ನಾಲ್ಕು ಮೀನಿನ ಪಂಪುಗಳನ್ನು ತಂತಿಯಿಂದ ಬಿಗಿದು, ತೂತು ಕೊರೆದ ಕೊಳವೆಯನ್ನು ನೀರಿಗೆ ಇಳಿಬಿಟ್ಟ. ಎರಡು ಮಾರು ಅಗಲಕ್ಕೆ ಗುಳ್ಳೆ ಎದ್ದಿತು. ಅಷ್ಟು ದೊಡ್ಡ ಟ್ಯಾಂಕಿಗೆ ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಹತ್ತು ಗಂಟೆಗೆ ಸಾಹೇಬರು ಬಂದರು, ನೋಡಿದರು, ಟೀ ಕುಡಿದರು, ಹೋದರು.

ಲ್ಯಾಬಮ್ಮನಿಗೆ ಅವನು ಆ ದಿನವೇ ಹೇಳಿದ. ಅವಳು ಕೈಯಲ್ಲಿದ್ದ ಗಾಜಿನ ನಳಿಕೆ ಕೆಳಗಿಟ್ಟಳು.

"ಸಿಕ್ಕಿಬಿದ್ರೆ?"

"ಸಿಕ್ಕಿಬಿದ್ರೆ ಮುಖದ ಮೇಲೇ ಹೇಳ್ತೀನಿ, ಗಾಳಿ ಬೇಡ ಅಂತ. ನಾನು ಯಾವತ್ತು ಹೆದರಿದ್ದೀನಿ ತಾಯಿ?"

"ನಾನು ಮಾತ್ರ ಸುಳ್ಳು ಸಂಖ್ಯೆ ಬರೆಯಲ್ಲ ಅಣ್ಣ."

"ಬರೀಬೇಡ. ಮೊದಲನೇ ಟ್ಯಾಂಕ್ ಅಳೆಯೋದೇ ಬೇಡ ಅಂತ ಅವರೇ ಆರ್ಡರ್ ಮಾಡಿದ್ದಾರಲ್ಲ. ಕೊನೇದ್ದು ಅಳೆ, ಬಂದದ್ದನ್ನ ಬರಿ."

ಜಿಪುಣರು ಪೂರ್ತಿ ಸತ್ತಿರಲಿಲ್ಲ. ಎಲ್ಲೋ ಮೂಲೆಯಲ್ಲಿ ಹಿಡಿಯಷ್ಟು ಉಳಿದಿದ್ದವರು ಉಸಿರು ಕಟ್ಟುತ್ತಿದ್ದ ಹಾಗೇ ಮತ್ತೆ ಎದ್ದು ಹೆಚ್ಚತೊಡಗಿದರು. ಮೂಗಣ್ಣ ದಿನಾ ಬೆಳಿಗ್ಗೆ ಮೊದಲನೇ ಟ್ಯಾಂಕಿನ ಆಚೆ ತುದಿಗೆ ಹೋಗಿ ಮೂಗೆಳೆಯುತ್ತಿದ್ದ. ಹತ್ತನೇ ದಿನ ಹಳೆಯ ಹುಳಿಹುಳಿ ವಾಸನೆ ತಿರುಗಿ ಬಂತು. ಬೇರೆಯವರಾದರೆ ಕರವಸ್ತ್ರ ಮುಚ್ಚಿಕೊಂಡು ಓಡಬೇಕು ಅಂಥ ವಾಸನೆ. ಅವನಿಗೆ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ. ನಾಲ್ಕು ಮೂರಾಯಿತು, ಎರಡಾಯಿತು, ಒಂದಕ್ಕಿಂತ ಕೆಳಗೆ ಬಂತು. ದೊಡ್ಡ ಸಾಹೇಬರು ಬರುವ ಹಿಂದಿನ ದಿನ ಅರ್ಧಕ್ಕೆ ಬಂದು ನಿಂತಿತ್ತು. ಕೆರೆಯ ದಡದ ಹಸಿರು ಅಷ್ಟಕ್ಕೇ ನಿಂತು ತೆಳುವಾಗುತ್ತಿದೆ ಎಂದು ಅಕ್ಕ ಹೇಳಿದಳು.

ದೊಡ್ಡ ಸಾಹೇಬರು ಹನ್ನೊಂದು ಪ್ಲಾಂಟುಗಳಿಗೆ ಒಡೆಯರು. ಗಾಳಿಯೇ ಜೀವ ಎಂಬುದು ಅವರ ಘೋಷವಾಕ್ಯ, ಹೋದಲ್ಲೆಲ್ಲ ಭಾಷಣದಲ್ಲಿ ಹೇಳುತ್ತಿದ್ದರು. ಗೇಟಿನ ಬೋರ್ಡಿನ ಮುಂದೆ ನಿಂತು ಇಪ್ಪತ್ತು, ಐದು ಎಂದು ಗಟ್ಟಿಯಾಗಿ ಓದಿ, ಕಾರಂಜಿ ಸಾಹೇಬರ ಬೆನ್ನು ತಟ್ಟಿದರು. ಲ್ಯಾಬಮ್ಮನ ಪುಸ್ತಕದಲ್ಲಿ ಅರ್ಧ ಎಂದು ನೋಡಿ ಇನ್ನೊಂದು ಸಲ ತಟ್ಟಿದರು. ನಡುವೆ ನಾಲ್ಕು ಎಂದು ಬರೆದಿದ್ದ ಪುಟಗಳೂ ಅದೇ ಪುಸ್ತಕದಲ್ಲಿದ್ದವು, ಅವನ್ನು ತಿರುವುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಆಮೇಲೆ ಎಲ್ಲರೂ ಸೇತುವೆ ಹತ್ತಿದರು. ದೊಡ್ಡ ಸಾಹೇಬರಿಗೆ ಎಲ್ಲ ಸರಿಯಿತ್ತು, ಒಂದೇ ಒಂದು ತೊಂದರೆ ಏನೆಂದರೆ ಅವರು ಕನ್ನಡಕ ಹಾಕುತ್ತಿದ್ದರು.

"ಇದೇನು, ಗುಳ್ಳೆ ಇಲ್ಲಿ ಮಾತ್ರ ಇದೆ? ಅತ್ತ ಕಡೆ ನೀರು ಅಲ್ಲಾಡ್ತಾನೇ ಇಲ್ಲ."

ಕಾರಂಜಿ ಸಾಹೇಬರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಆ ಟ್ಯಾಂಕನ್ನು ಅವರು ಸರಿಯಾಗಿ ನೋಡಿದ್ದು ಅದೇ ಮೊದಲು. ಅಷ್ಟರಲ್ಲಿ ದೊಡ್ಡ ಸಾಹೇಬರು ಬಾಗಿ, ಕಂಬಿಯ ಕೆಳಗೆ ಕೈ ಹಾಕಿ ಕೊಳವೆ ಎಳೆದರು. ತಂತಿ ಬಿಚ್ಚಿ, ಒಂದು ಪಂಪು ಅವರ ಕೈಗೆ ಬಂತು. ಅದರ ಮೇಲೆ ನಗುವ ಮೀನಿನ ಚಿತ್ರ ಅಂಟಿಸಿತ್ತು.

ಕಾರಂಜಿ ಸಾಹೇಬರ ಹಣೆಯಲ್ಲಿ ಬೆವರು ಮೂಡಿ ಮೂಗಿನ ತುದಿಗೆ ಇಳಿಯಿತು. ಅವರು ಮೂಗಣ್ಣನ ಕಡೆ ತಿರುಗಿದರು. ಆ ನೋಟದಲ್ಲಿ ನಿನ್ನನ್ನು ಆಮೇಲೆ ನೋಡಿಕೊಳ್ಳುತ್ತೇನೆ ಎಂಬುದೂ ಇತ್ತು, ಈಗ ಕಾಪಾಡಪ್ಪಾ ಎಂಬುದೂ ಇತ್ತು.

"ಇದು ಎನರ್ಜಿ ಉಳಿತಾಯಕ್ಕೆ ಸರ್," ಎಂದರು ಅವರು, ಗಂಟಲು ಸರಿಮಾಡಿಕೊಂಡು. "ಒಂದು ಪ್ರಯೋಗ."

"ಇಷ್ಟು ಸಣ್ಣ ಗಾಳಿಗೆ ಅರ್ಧಕ್ಕೆ ಇಳೀತಾ?" ದೊಡ್ಡ ಸಾಹೇಬರ ಕಣ್ಣು ಹೊಳೆಯಿತು. "ಹಾಗಾದ್ರೆ ಪೂರ್ತಿ ಬಿಟ್ರೆ ಇನ್ನೂ ಇಳಿಯುತ್ತೆ ಅಲ್ವಾ? ವಾಲ್ವ್ ತೆಗೆಸಿ ನೋಡೋಣ. ಇಲ್ಲಿ ನೋಡ್ಕೊಳ್ಳೋರು ಯಾರು? ನೀವಾ? ನೀವು ಹೇಳಿ. ಈ ಫಲಿತಾಂಶ ಹೇಗೆ ಬಂತು?" ಎಂದು ಮೂಗಣ್ಣನ ಕಡೆ ತಿರುಗಿದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮೂಗಣ್ಣನ ನಾಲಿಗೆಯ ತುದಿಯಲ್ಲಿ ಮಾತು ಸಿದ್ಧವಾಗಿ ನಿಂತಿತ್ತು. ಇಪ್ಪತ್ತೆರಡು ವರ್ಷ ಅಭ್ಯಾಸವಾದ ಮಾತು. ಈ ಟ್ಯಾಂಕಿಗೆ ಗಾಳಿಯೇ ಬೇಡ ಸರ್, ಇವರಿಗೆ ಏನೂ ಗೊತ್ತಿಲ್ಲ, ಇವರು ಮಾಡಿದ್ದರಿಂದ ಕೆರೆ ಹಾಳಾಗುತ್ತಿತ್ತು, ನಾನು ಕದ್ದು ವಾಲ್ವ್ ಮುಚ್ಚಿ ಉಳಿಸಿದ್ದೇನೆ. ಹೇಳಿಬಿಟ್ಟರೆ ಎಷ್ಟು ಹಗುರ. ಲ್ಯಾಬಮ್ಮ ಅವನನ್ನೇ ನೋಡುತ್ತಿದ್ದಳು, ಅವಳೂ ಅದನ್ನೇ ಕಾಯುತ್ತಿದ್ದಳು.

ಹೇಳಿದರೆ ಮುಂದೇನು? ಗಾಳಿಯೇ ಜೀವ ಎನ್ನುವ ಮನುಷ್ಯನಿಗೆ ಗಾಳಿ ಬೇಡ ಎಂದರೆ ಕಿವಿಗೆ ಹೋಗುತ್ತದೆಯೇ? ಒಂದು ಗಂಟೆಯಲ್ಲಿ ಅವರು ಕಾರು ಹತ್ತಿ ಹೋಗುತ್ತಾರೆ. ಕಾರಂಜಿ ಸಾಹೇಬರು ಇನ್ನೂ ಮೂರು ವರ್ಷ ಇಲ್ಲೇ ಇರುತ್ತಾರೆ. ಎಲ್ಲರ ಎದುರಿಗೆ ಮುಖ ಕಳೆದುಕೊಂಡ ಮನುಷ್ಯ, ಮೂಗಣ್ಣನ ಮೇಲಿನ ಸಿಟ್ಟಿಗಾದರೂ ವಾಲ್ವನ್ನು ಪೂರ್ತಿ ತೆಗೆದು ಬೀಗ ಹಾಕಿಸುತ್ತಾನೆ. ಮೂಗಣ್ಣ ಸತ್ಯವಂತ ಎನ್ನಿಸಿಕೊಂಡು ಮನೆಯಲ್ಲಿ ಕೂರಬಹುದು. ಅಕ್ಕನ ದೋಣಿ ಮತ್ತೆ ಬೋರಲು ಬೀಳುತ್ತದೆ.

"ಪೂರ್ತಿ ಬಿಟ್ರೆ ಕೆಡುತ್ತೆ ಸರ್," ಎಂದ ಮೂಗಣ್ಣ. ದನಿ ಅವನದೇ ಎಂದು ಅವನಿಗೇ ಅನ್ನಿಸಲಿಲ್ಲ. "ನಮ್ಮ ಸಾಹೇಬ್ರು ಮೊದಲು ಪೂರ್ತಿ ಬಿಟ್ಟು ನೋಡಿದ್ರು. ಹೊರಗೆ ಹೋಗೋ ನೀರಲ್ಲಿ ನಾಲ್ಕಕ್ಕೆ ಏರ್ತು. ಆಮೇಲೆ ಅವರೇ ಲೆಕ್ಕ ಹಾಕಿ, ಇಷ್ಟೇ ಸಾಕು, ಇದಕ್ಕಿಂತ ಒಂದು ಗುಳ್ಳೆ ಜಾಸ್ತಿ ಆಗ್ಬಾರ್ದು ಅಂತ ಹೇಳಿದ್ರು. ಅರ್ಧಕ್ಕೆ ಇಳಿದದ್ದು ಅದಕ್ಕೇ. ಎಲ್ಲ ಅವರದೇ ತಲೆ ಸರ್. ನಂಗೇನು ಗೊತ್ತಾಗುತ್ತೆ."

ಲ್ಯಾಬಮ್ಮ ಮುಖ ತಿರುಗಿಸಿಕೊಂಡಳು. ಕಾರಂಜಿ ಸಾಹೇಬರು ಬೆವರು ಒರೆಸಿಕೊಂಡರು. ಬೆನ್ನು ತಾನಾಗಿ ನೇರವಾಯಿತು. ಮನುಷ್ಯನಿಗೆ ಹೊಗಳಿಕೆ ಒಗ್ಗಲು ಎಷ್ಟು ಹೊತ್ತು ಬೇಕು? ಕಾರು ಹೊರಡುವಷ್ಟರಲ್ಲಿ ಅವರು ಆ ಲೆಕ್ಕವನ್ನು ಹೇಗೆ ಹಾಕಿದೆ ಎಂದು ದೊಡ್ಡ ಸಾಹೇಬರಿಗೆ ತಾವೇ ವಿವರಿಸುತ್ತಿದ್ದರು. ಒಂದು ಗುಳ್ಳೆಯೂ ಹೆಚ್ಚಾಗಬಾರದು ಎಂಬುದನ್ನು ಎರಡೆರಡು ಸಲ ಒತ್ತಿ ಹೇಳಿದರು. ಹನ್ನೊಂದು ಪ್ಲಾಂಟುಗಳಿಗೂ ಇದೇ ಮಾದರಿ ಎಂದು ದೊಡ್ಡ ಸಾಹೇಬರು ಅಲ್ಲೇ ಘೋಷಿಸಿದರು. ಮರುವಾರ ಮೊದಲನೇ ಟ್ಯಾಂಕಿನ ಗೋಡೆಗೆ ಕಾರಂಜಿ ಸಾಹೇಬರ ಹೆಸರಿನ ಕಲ್ಲು ಕೂತಿತು. ಮುಚ್ಚಿದ್ದ ವಾಲ್ವಿಗೆ ಅವರೇ ನಿಂತು ಬೀಗ ಹಾಕಿಸಿದರು, ಯಾರೂ ತೆಗೆಯದಂತೆ. ಮೂಗಣ್ಣನನ್ನು ಒಂದು ಮಾತೂ ಬೈಯಲಿಲ್ಲ. ಹೊಸ ಕುರ್ಚಿ ಕೊಡಿಸಿದರು.

"ಮುಖದ ಮೇಲೆ ಹೇಳ್ತೀನಿ ಅಂದಿದ್ರಿ," ಎಂದಳು ಲ್ಯಾಬಮ್ಮ.

"ಹೇಳಿದ್ನಲ್ಲ ತಾಯಿ," ಎಂದ ಅವನು. ಅವಳು ಅದಾದ ಮೇಲೆ ಹತ್ತು ದಿನ ಅವನ ಹತ್ತಿರ ಬೇಕಾದಷ್ಟೇ ಮಾತಾಡಿದಳು.

ತಿಂಗಳ ಕೊನೆಗೆ ಮೂಗಣ್ಣ ಅಕ್ಕನ ಮನೆಗೆ ಹೋದ. ಕೆರೆ ತಿಳಿಯಾಗಿತ್ತು. ದಡದಲ್ಲಿ ನಿಂತರೆ ಕಾಲಡಿಯ ಕಲ್ಲು ಕಾಣುತ್ತಿತ್ತು. ಅಕ್ಕ ಬಲೆ ಹರವಿಕೊಂಡು ಕೂತು, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಅವನು ಕೂತುಕೊಳ್ಳುವ ಮೊದಲೇ ಶುರುಮಾಡಿದಳು.

"ನಿಮ್ಮ ಪ್ಲಾಂಟಿಗೆ ಯಾರೋ ಹೊಸ ಸಾಹೇಬ್ರು ಬಂದಿದ್ದಾರಂತಲ್ಲೋ. ಕೆರೆ ಉಳಿಸಿದ್ದು ಅವರೇ ಅಂತೆ. ಮಾರ್ಕೆಟ್ ತುಂಬ ಅದೇ ಮಾತು. ಕಲ್ಲಲ್ಲಿ ಹೆಸರೂ ಹಾಕಿದ್ದಾರಂತೆ."

ಮೂಗಣ್ಣನ ಎದೆಯಲ್ಲಿ ಮಾತು ಒತ್ತಿಕೊಂಡು ಬಂತು. ಇವಳಿಗೊಬ್ಬಳಿಗಾದರೂ ಹೇಳಿಬಿಡೋಣ ಅನ್ನಿಸಿತು. ಆದರೆ ಅಕ್ಕನ ಬಾಯಲ್ಲಿ ಎಳ್ಳು ಕಾಳು ನಿನ್ನೆಯೂ ನೆನೆದಿರಲಿಲ್ಲ, ನಾಳೆಯೂ ನೆನೆಯುವುದಿಲ್ಲ. ಇವತ್ತು ಹೇಳಿದರೆ ನಾಳೆ ಮೀನಿನ ಬುಟ್ಟಿಯ ಜೊತೆ ಊರೆಲ್ಲ ಹಂಚುತ್ತಾಳೆ, ನಾಡಿದ್ದು ಸಾಹೇಬರ ಕಿವಿಗೆ ಬೀಳುತ್ತದೆ. ಬೀಗದ ಕೈ ಅವರ ಜೇಬಿನಲ್ಲಿದೆ.

"ಹೌದಕ್ಕಾ," ಎಂದ.

"ನೋಡು, ಬಂದು ಮೂರು ತಿಂಗಳಾಗಿಲ್ಲ. ನೀನು ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದೀಯ." ಅವಳು ಬೈಯುತ್ತಿರಲಿಲ್ಲ, ಪ್ರೀತಿಯಿಂದಲೇ ಹೇಳುತ್ತಿದ್ದಳು. "ಹೋಗ್ಲಿ ಬಿಡು, ಎಲ್ರಿಗೂ ಅಷ್ಟು ತಲೆ ಇರುತ್ತಾ."

ಎದ್ದು ಕುಂಟುತ್ತ ಒಳಗೆ ಹೋಗಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿದ ಒಂದು ಮೀನು ತಂದಳು. ಅವನ ಮೊಳಕೈಯಷ್ಟು ಉದ್ದವಿತ್ತು, ಕಿವಿರು ಇನ್ನೂ ಕೆಂಪಾಗಿತ್ತು. ಈ ವರ್ಷ ಬಲೆಗೆ ಬಿದ್ದ ಎಲ್ಲಕ್ಕಿಂತ ದೊಡ್ಡದು ಎಂದಳು.

"ಇದನ್ನ ಆ ಸಾಹೇಬ್ರಿಗೆ ಕೊಡು. ನಾನೇ ಹೋಗಿ ಕಾಲಿಗೆ ಬೀಳ್ಬೇಕು ಅಂದ್ಕೊಂಡಿದ್ದೆ, ಈ ಮೊಣಕಾಲು ಬಿಡ್ತಾ ಇಲ್ಲ. ನನ್ನ ಅನ್ನ ಉಳಿಸಿದ್ರು ಅಂತ ಹೇಳು. ಹೇಳ್ತೀಯ ತಾನೇ? ಮರೀಬೇಡ."

"ಹೇಳ್ತೀನಕ್ಕಾ," ಎಂದು ಮೂಗಣ್ಣ ಎರಡೂ ಕೈ ಚಾಚಿ ಮೀನನ್ನು ಇಸಿದುಕೊಂಡ.